ಬೂದಿ ಬಿದ್ದ ಕಡಲು ಮತ್ತು ಗೊಜಿರಾ



ಆಹ್ವಾನ ಪತ್ರಿಕೆಯಲ್ಲಿ ವಿಷಯ ಓದಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ದತ್ತಿ ಉಪನ್ಯಾಸದ ವೇದಿಕೆಯ ಮೇಲೆ ಊರು ತುಳಿಯುವ ದೈತ್ಯ ಹಲ್ಲಿಯ ಮಾತೇ ಎಂದು. ನಗುವವರ ಸಾಲಿನಲ್ಲಿ ನಾನೂ ಇದ್ದೆ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ‘ಜೈಂಟ್ ರೋಬೋಟ್’ ಬರುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿರಬೇಕು. ರಬ್ಬರ್ ಮೈಯ ಮೃಗ, ರಟ್ಟಿನ ಕಟ್ಟಡ, ಆಟಿಕೆ ಟ್ಯಾಂಕು. ಜಪಾನಿನ ದೈತ್ಯಮೃಗ ಎಂದರೆ ಇಷ್ಟೇ ಎಂದುಕೊಂಡು ಬೆಳೆದವನು ನಾನು. 1954ರ ಮೂಲ ‘ಗೊಜಿರಾ’ ಚಿತ್ರವನ್ನು ನೋಡಿದ್ದು ತೀರಾ ತಡವಾಗಿ, ಅದೂ ನಗುವುದಕ್ಕೆ ಸಿದ್ಧನಾಗಿಯೇ. ಹತ್ತು ನಿಮಿಷದೊಳಗೆ ನಗು ಅಡಗಿತು. ಆ ಕಪ್ಪು ಬಿಳುಪು ಚಿತ್ರದಲ್ಲಿ ಯಾರೂ ಆಟವಾಡುತ್ತಿಲ್ಲ ಎಂದು ಗೊತ್ತಾಯಿತು.

ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲು ಒಂದು ಮೀನುಗಾರಿಕೆ ದೋಣಿಯ ಕಥೆ, ಅದು ನಡೆದದ್ದು. ಆಮೇಲೆ ಅದೇ ವರ್ಷ ಬಂದ ಆ ಚಿತ್ರ. ಕೊನೆಗೆ, ಆ ಚಿತ್ರದ ಮೃಗಕ್ಕೆ ಮುಂದಿನ ಎಪ್ಪತ್ತು ವರ್ಷಗಳಲ್ಲಿ ಏನೇನು ಬಂದೊದಗಿತು ಎಂಬುದು. ಮೂರಕ್ಕೂ ಸಮಪಾಲು ಹಂಚಲು ನಾನು ಹೊರಟಿಲ್ಲ. ಮೃಗದ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ದೋಣಿಯನ್ನು ಅವರಲ್ಲಿ ಹೆಚ್ಚಿನವರು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನಾನು ಅಲ್ಲೇ ಕೊಂಚ ಹೆಚ್ಚು ಹೊತ್ತು ನಿಲ್ಲುತ್ತೇನೆ.

ದೋಣಿಯ ಹೆಸರು ದಾಯ್‌ಗೊ ಫುಕುರ್ಯು ಮಾರು. ‘ಐದನೆಯ ಭಾಗ್ಯದ ಡ್ರಾಗನ್’ ಎಂದು ಅರ್ಥ. ‘ಮಾರು’ ಎಂಬುದು ಜಪಾನೀ ಹಡಗುಗಳ ಹೆಸರಿಗೆ ಅಂಟಿಕೊಂಡು ಬರುವ ಬಾಲ. ಸುಮಾರು 140 ಟನ್ನಿನ ಮರದ ದೋಣಿ, ಶಿಜುಓಕ ಪ್ರಾಂತದ ಯಾಯ್‌ಜು ಬಂದರಿನದು. 1954ರ ಜನವರಿ 22ರಂದು 23 ಜನರನ್ನು ಹೊತ್ತು ಟ್ಯೂನಾ ಹಿಡಿಯಲು ಹೊರಟಿತು. ಮಿಡ್‌ವೇ ಬಳಿ ಗಾಳದ ಹಗ್ಗಗಳನ್ನು ಕಳೆದುಕೊಂಡು, ಬರಿಗೈಯಲ್ಲಿ ಮರಳಲು ಮನಸ್ಸಾಗದೆ ದಕ್ಷಿಣಕ್ಕೆ, ಮಾರ್ಷಲ್ ದ್ವೀಪಗಳ ಕಡೆಗೆ ತಿರುಗಿತು. ಅಲ್ಲಿ ಬಿಕಿನಿ ಎಂಬ ಹವಳದ್ವೀಪವಿದೆ. 1946ರಿಂದಲೇ ಅಮೆರಿಕ ಅಲ್ಲಿನ 167 ನಿವಾಸಿಗಳನ್ನು ಬೇರೆಡೆಗೆ ಸಾಗಿಸಿ ಬಾಂಬು ಪರೀಕ್ಷಿಸುತ್ತಿತ್ತು. ಇಂತಿಷ್ಟು ಪ್ರದೇಶ ಅಪಾಯದ್ದು ಎಂದು ನಕ್ಷೆಯಲ್ಲಿ ಗೆರೆ ಎಳೆದು ಸಾರಿತ್ತು. ದೋಣಿ ಆ ಗೆರೆಯ ಹೊರಗೇ ಇತ್ತು.

ಮಾರ್ಚ್ 1ರ ನಸುಕು. ಗಾಳ ಬಿಟ್ಟು ಕಾಯುತ್ತಿದ್ದವರಿಗೆ ಪಡುವಣದಲ್ಲಿ ಬೆಳಕು ಕಂಡಿತು. ಸೂರ್ಯ ಹುಟ್ಟುವ ದಿಕ್ಕು ಅದಲ್ಲ. ಕೆಲವು ನಿಮಿಷ ಕಳೆದ ಮೇಲೆ ಗುಡುಗು ಬಂದು ದೋಣಿಯನ್ನು ನಡುಗಿಸಿತು. ಬಿಕಿನಿ ಅಲ್ಲಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿತ್ತು.

ಅಂದು ಸಿಡಿದದ್ದು ‘ಕ್ಯಾಸಲ್ ಬ್ರಾವೋ’ ಎಂಬ ಜಲಜನಕ ಬಾಂಬ್. ಅದರ ಶಕ್ತಿ 6 ಮೆಗಾಟನ್ ಆಸುಪಾಸು ಇರಬಹುದೆಂದು ಲೆಕ್ಕ ಹಾಕಿದ್ದರು. ಬಂದದ್ದು 15 ಮೆಗಾಟನ್. ಹಿರೋಶಿಮಾದ ಮೇಲೆ ಬಿದ್ದದ್ದರ ಸುಮಾರು ಸಾವಿರ ಪಟ್ಟು. ಲೆಕ್ಕ ತಪ್ಪಿದ ಬಗೆಯನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಇಂಧನದಲ್ಲಿದ್ದ ಲಿಥಿಯಂನ ಎರಡು ಬಗೆಗಳಲ್ಲಿ ಲಿಥಿಯಂ-6 ಮಾತ್ರ ಕೆಲಸಕ್ಕೆ ಬರುತ್ತದೆ, ಅರ್ಧಕ್ಕಿಂತ ಹೆಚ್ಚಿದ್ದ ಲಿಥಿಯಂ-7 ಸುಮ್ಮನಿರುತ್ತದೆ ಎಂದು ನಂಬಿದ್ದರು. ಅದು ಸುಮ್ಮನಿರಲಿಲ್ಲ. ವೇಗದ ನ್ಯೂಟ್ರಾನುಗಳು ಬಡಿದಾಗ ಅದೂ ಒಡೆದು ಟ್ರಿಟಿಯಂ ಕೊಟ್ಟಿತು, ಬೆಂಕಿಗೆ ಇನ್ನಷ್ಟು ಸೌದೆ ಸಿಕ್ಕಿತು. ಹವಳದ ದಿಬ್ಬದಲ್ಲಿ ಸುಮಾರು 2 ಕಿಲೋಮೀಟರ್ ಅಗಲದ, 75 ಮೀಟರ್ ಆಳದ ಗುಂಡಿ ಬಿತ್ತು. ಆ ಗುಂಡಿಯಲ್ಲಿದ್ದ ಹವಳವೆಲ್ಲ ಪುಡಿಯಾಗಿ ಆಕಾಶಕ್ಕೇರಿತು. ಏರಿದ್ದು ಇಳಿಯಲೇಬೇಕಲ್ಲ.

ಎರಡು ಮೂರು ಗಂಟೆಗಳ ನಂತರ ದೋಣಿಯ ಮೇಲೆ ಬಿಳಿಯ ಪುಡಿ ಉದುರತೊಡಗಿತು. ನಾವಿಕರು ಓಡಿಹೋಗುವಂತಿರಲಿಲ್ಲ, ಕಡಲಲ್ಲಿ ಹರಡಿದ್ದ ಗಾಳದ ಹಗ್ಗವನ್ನೆಲ್ಲ ಎಳೆದುಕೊಳ್ಳಬೇಕು, ಅದಕ್ಕೆ ಗಂಟೆಗಟ್ಟಲೆ ಬೇಕು. ಪುಡಿ ತಲೆಗೂದಲಲ್ಲಿ, ಕಿವಿಯಲ್ಲಿ, ಕುತ್ತಿಗೆಯ ಮಡಿಕೆಯಲ್ಲಿ, ಒಳ ಅಂಗಿಯಲ್ಲಿ ಕುಳಿತಿತು. ಬಿಸಿಯಿಲ್ಲ, ವಾಸನೆಯಿಲ್ಲ. ಒಬ್ಬ ನಾಲಿಗೆಗೆ ತಾಗಿಸಿ ನೋಡಿದ. ಮರಳಿನ ಹಾಗೆ ಗರಗರ ಎಂದಿತು. ಅಟ್ಟದ ಮೇಲೆ ಅದು ಎಷ್ಟು ಕೂತಿತ್ತೆಂದರೆ ನಡೆದವರ ಹೆಜ್ಜೆ ಮೂಡುತ್ತಿತ್ತು. ಈ ಹೆಜ್ಜೆಯನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ. ಪತ್ರಿಕೆಗಳು ಮುಂದೆ ಆ ಪುಡಿಗೆ ‘ಶಿ ನೊ ಹಾಯ್’ ಎಂದು ಹೆಸರಿಟ್ಟವು: ಸಾವಿನ ಬೂದಿ.

ಅಂದು ಸಂಜೆಯೇ ಹೊಟ್ಟೆ ತೊಳಸಿತು. ಬೂದಿ ಕೂತಲ್ಲೆಲ್ಲ ಚರ್ಮ ಸುಟ್ಟು ಬೊಬ್ಬೆ ಎದ್ದಿತು, ಕೂದಲು ಹಿಡಿಹಿಡಿಯಾಗಿ ಬಂತು. ಮಾರ್ಚ್ 14ರಂದು ಯಾಯ್‌ಜು ತಲುಪಿದರು. 16ರ ಬೆಳಿಗ್ಗೆ ‘ಯೊಮಿಯುರಿ’ ಪತ್ರಿಕೆ ಸುದ್ದಿ ಒಡೆಯಿತು. ನಾವಿಕರು ಕಟ್ಟಿ ತಂದಿದ್ದ ಬೂದಿಯಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಕಿಮುರಾ ಕೆಂಜಿರೊ ಮತ್ತು ಸಂಗಡಿಗರು ಯುರೇನಿಯಂ-237 ಕಂಡುಹಿಡಿದರು. ಗುಟ್ಟಾಗಿಟ್ಟಿದ್ದ ಬಾಂಬಿನ ಒಳರಚನೆ ಒಂದು ಪೊಟ್ಟಣ ಬೂದಿಯಿಂದ ಹೊರಬಿದ್ದಂತಾಯಿತು. ನಿಸ್ತಂತು ನಿರ್ವಾಹಕ ಕುಬೊಯಾಮ ಐಕಿಚಿ ಸೆಪ್ಟೆಂಬರ್ 23ರಂದು ತೀರಿಕೊಂಡರು. ವಯಸ್ಸು 40.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹಿರೋಶಿಮಾ, ನಾಗಸಾಕಿ ನಡೆದು ಒಂಬತ್ತು ವರ್ಷವಾಗಿತ್ತು. ಲಕ್ಷಾಂತರ ಜನರನ್ನು ಕಳೆದುಕೊಂಡ ದೇಶ 23 ಮೀನುಗಾರರಿಗಾಗಿ ಅಷ್ಟೊಂದು ತಳಮಳಿಸಿದ್ದೇಕೆ? ಒಂದು ಕಾರಣ, ಅದುವರೆಗೆ ಅಳುವುದಕ್ಕೂ ಅಪ್ಪಣೆ ಇರಲಿಲ್ಲ. ಅಮೆರಿಕದ ಆಡಳಿತವಿದ್ದ 1952ರವರೆಗೆ ಅಣುಬಾಂಬಿನ ಗಾಯಗಳ ಬಗ್ಗೆ ಬರೆಯುವುದಕ್ಕೆ, ಚಿತ್ರ ಅಚ್ಚು ಹಾಕುವುದಕ್ಕೆ ಕತ್ತರಿಯಿತ್ತು. ಹಿರೋಶಿಮಾದ ಸುಟ್ಟ ಮೈಗಳ ಫೋಟೋಗಳನ್ನು ‘ಅಸಾಹಿ ಗ್ರಾಫ್’ ಪತ್ರಿಕೆ ಪ್ರಕಟಿಸಿದ್ದು 1952ರ ಆಗಸ್ಟ್‌ನಲ್ಲಿ. ದೇಶದ ಬಹುಪಾಲು ಜನ ಅದನ್ನು ಕಣ್ಣಾರೆ ಕಂಡು ಎರಡು ವರ್ಷವೂ ಆಗಿರಲಿಲ್ಲ.

ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ: ಮೀನು. ಭಾಗ್ಯದ ಡ್ರಾಗನ್ ತಂದ ಟ್ಯೂನಾ ಆಗಲೇ ಪೇಟೆಗಳಿಗೆ ಹೋಗಿತ್ತು. ಟೋಕಿಯೊದ ತ್ಸುಕಿಜಿ ಮಾರುಕಟ್ಟೆಯಲ್ಲಿ ಗೈಗರ್ ಮಾಪಕ ಹಿಡಿದು ಮೀನಿನ ಮೈ ಸವರಿದರು. ಟಿಕ್ ಟಿಕ್ ಎಂದ ಮೀನನ್ನು ಮಾರುಕಟ್ಟೆಯ ನೆಲದಲ್ಲೇ ಹೂತರು. ವರ್ಷದ ಕೊನೆಯೊಳಗೆ 850ಕ್ಕೂ ಹೆಚ್ಚು ದೋಣಿಗಳ ಮೀನು ಹೀಗೆ ಮಣ್ಣು ಪಾಲೋ ಕಡಲು ಪಾಲೋ ಆಯಿತು. ವಿಕಿರಣ ಬೆರೆತ ಮಳೆಯೂ ಬಿತ್ತು. ಹಿರೋಶಿಮಾ ಎಷ್ಟಾದರೂ ದೂರದ ಊರು, ಕಳೆದುಹೋದ ಕಾಲ. ಇದು ಊಟದ ತಟ್ಟೆ. ಟೋಕಿಯೊದ ಸುಗಿನಾಮಿ ವಾರ್ಡಿನ ಗೃಹಿಣಿಯರು ಮತ್ತು ಮೀನಂಗಡಿಯವರು ಜಲಜನಕ ಬಾಂಬಿನ ವಿರುದ್ಧ ಸಹಿ ಸಂಗ್ರಹಕ್ಕಿಳಿದರು. ಮರುವರ್ಷದ ಆಗಸ್ಟ್ ಹೊತ್ತಿಗೆ ದೇಶದಲ್ಲೆಲ್ಲ ಸೇರಿ ಮೂರು ಕೋಟಿ ಸಹಿ ದಾಟಿತ್ತು. ನಮ್ಮಲ್ಲೂ ಸದ್ದಾಯಿತು. ಏಪ್ರಿಲ್ 2ರಂದು ನೆಹರೂ ಲೋಕಸಭೆಯಲ್ಲಿ, ಒಪ್ಪಂದ ಆಗುವಾಗ ಆಗಲಿ, ಅಲ್ಲಿಯತನಕ ಪರೀಕ್ಷೆಗಳನ್ನಾದರೂ ನಿಲ್ಲಿಸಿ ಎಂದು ಕೇಳಿಕೊಂಡರು.

ಇನ್ನು ಎರಡನೆಯ ಭಾಗಕ್ಕೆ ಬರುತ್ತೇನೆ.

ಅದೇ ವಸಂತದಲ್ಲಿ ತೋಹೊ ಕಂಪನಿಯ ನಿರ್ಮಾಪಕ ತನಾಕ ತೊಮೊಯುಕಿಗೆ ಬೇರೆಯದೇ ಚಿಂತೆ. ಇಂಡೋನೇಷ್ಯಾದ ಜೊತೆ ಸೇರಿ ತೆಗೆಯಬೇಕಿದ್ದ ದೊಡ್ಡ ಚಿತ್ರ ಕೈತಪ್ಪಿತ್ತು, ಬಿಡುಗಡೆಯ ಪಟ್ಟಿಯಲ್ಲಿ ಜಾಗ ಖಾಲಿ. ಜಕಾರ್ತದಿಂದ ಮರಳುವಾಗ ವಿಮಾನದ ಕಿಟಕಿಯಿಂದ ಕೆಳಗಿನ ಕಡಲು ನೋಡುತ್ತ ಅವನಿಗೆ ಈ ಕಥೆ ಹೊಳೆಯಿತಂತೆ. ನಿರ್ಮಾಪಕರು ಹೇಳುವ ಇಂಥ ಕಥೆಗಳನ್ನು ನಾನು ಪೂರ್ತಿ ನಂಬುವವನಲ್ಲ. ‘ಕಿಂಗ್ ಕಾಂಗ್’ 1952ರಲ್ಲಿ ಮರುಬಿಡುಗಡೆಯಾಗಿ ಹಣ ಮಾಡಿತ್ತು. ಅಣುಪರೀಕ್ಷೆಯಿಂದ ಎಚ್ಚೆತ್ತ ಡೈನೋಸಾರ್ ನ್ಯೂಯಾರ್ಕಿಗೆ ನುಗ್ಗುವ ಅಮೆರಿಕನ್ ಚಿತ್ರವೊಂದು 1953ರಲ್ಲಿ ಬಂದಿತ್ತು. ಕಥೆಯ ಬೀಜ ಅಲ್ಲಿಂದಲೇ ಬಂತು ಎನ್ನಲು ಅಡ್ಡಿಯಿಲ್ಲ. ಬಿದ್ದ ನೆಲ ಬೇರೆ. ಅಮೆರಿಕನ್ ಚಿತ್ರಕ್ಕೆ ಬಾಂಬು ಕಥೆ ಶುರು ಮಾಡುವ ಕೀಲಿ ಅಷ್ಟೆ. ಒಮ್ಮೆ ತಿರುಗಿಸಿದ ಮೇಲೆ ಅದರ ಹಂಗಿಲ್ಲ. ಜಪಾನೀ ಚಿತ್ರದಲ್ಲಿ ಬಾಂಬು ಕೊನೆಯ ದೃಶ್ಯದವರೆಗೂ ಬಿಟ್ಟು ಹೋಗುವುದಿಲ್ಲ. ಗೊರಿಲ್ಲಾ ಎಂಬ ಅರ್ಥದ ‘ಗೊರಿರಾ’ದ ತಲೆ, ತಿಮಿಂಗಿಲ ಎಂಬ ಅರ್ಥದ ‘ಕುಜಿರಾ’ದ ಬಾಲ ಸೇರಿಸಿ ‘ಗೊಜಿರಾ’ ಎಂದು ಹೆಸರಾಯಿತು.

ನಿರ್ದೇಶಕ ಹೊಂಡಾ ಇಶಿರೊ ಚೀನಾದಲ್ಲಿ ಸೈನಿಕನಾಗಿದ್ದವನು. ಯುದ್ಧ ಮುಗಿದು ಮನೆಗೆ ಹೋಗುವ ದಾರಿಯಲ್ಲಿ ಹಿರೋಶಿಮಾವನ್ನು ಹಾದುಹೋದವನು. ವಿಶೇಷ ದೃಶ್ಯಗಳ ತ್ಸುಬುರಾಯ ಎಯ್‌ಜಿ ಯುದ್ಧಕಾಲದಲ್ಲಿ ಪರ್ಲ್ ಹಾರ್ಬರ್ ದಾಳಿಯನ್ನು ತೊಟ್ಟಿ ನೀರಿನಲ್ಲಿ, ಆಟಿಕೆ ಹಡಗುಗಳಲ್ಲಿ ಮರುಸೃಷ್ಟಿಸಿ ಸರ್ಕಾರದ ಪ್ರಚಾರ ಚಿತ್ರಕ್ಕೆ ದುಡಿದವನು. ದೇಶದ ಗೆಲುವನ್ನು ಕಟ್ಟಿಕೊಟ್ಟಿದ್ದ ಕೈಯೇ ಹನ್ನೆರಡು ವರ್ಷದ ನಂತರ ಟೋಕಿಯೊವನ್ನು ಇಪ್ಪತ್ತೈದರಲ್ಲಿ ಒಂದು ಪಾಲಿಗಿಳಿಸಿ ಕಟ್ಟಿ, ಸುಟ್ಟು ತೋರಿಸಿತು. ಮೃಗದ ಉಡುಪಿನೊಳಗೆ ಇದ್ದವನು ನಕಾಜಿಮ ಹರುಒ. ಉಡುಪಿನ ತೂಕ ನೂರು ಕಿಲೋ ಹತ್ತಿರ. ದೀಪಗಳ ಝಳದಲ್ಲಿ ಕೆಲವೇ ನಿಮಿಷ ತಾಳುತ್ತಿದ್ದ, ಕಳಚಿದಾಗ ಒಳಗಿನಿಂದ ಬೆವರು ಸುರಿಯುತ್ತಿತ್ತು. ಆ ಚರ್ಮವನ್ನು ಒಮ್ಮೆ ಹತ್ತಿರದಿಂದ ನೋಡಿ. ಹಾವಿನ ಪೊರೆಯ ನಯವಿಲ್ಲ, ಮೊಸಳೆಯ ಚಿಪ್ಪಿನ ಸಾಲಿಲ್ಲ. ಸುಟ್ಟು ಮಾಗಿ ಗಂಟುಗಟ್ಟಿದ ಮೈ. ಬಾಂಬಿನಿಂದ ಬದುಕುಳಿದವರ ಬೆನ್ನಿನ ಮೇಲಿನ ಕಲೆಗಳನ್ನು ಪತ್ರಿಕೆಯಲ್ಲಿ ಕಂಡಿದ್ದವರಿಗೆ ಅದು ಏನೆಂದು ಹೇಳಬೇಕಾಗಿರಲಿಲ್ಲ. ಕೂಗಿನ ಕಥೆಯೂ ಅಂಥದ್ದೇ. ಪ್ರಾಣಿಗಳ ದನಿ ಯಾವುದೂ ಒಗ್ಗದೆ, ಸಂಗೀತ ನಿರ್ದೇಶಕ ಇಫುಕುಬೆ ಅಕಿರಾ ಡಬಲ್ ಬಾಸ್ ವಾದ್ಯದ ತಂತಿ ಸಡಿಲಿಸಿ, ರಾಳ ಸವರಿದ ಚರ್ಮದ ಕೈಗವಸಿನಿಂದ ಉಜ್ಜಿಸಿದ. ಅದರಲ್ಲಿ ಗರ್ಜನೆಗಿಂತ ನರಳಾಟ ಹೆಚ್ಚು ಕೇಳಿಸುತ್ತದೆ. ನನ್ನ ಕಿವಿಗಂತೂ.

ಚಿತ್ರ ತೆರೆಯುವುದು ಒಂದು ಹಡಗಿನ ಅಟ್ಟದ ಮೇಲೆ. ನಾವಿಕರು ಅಡ್ಡಾಗಿದ್ದಾರೆ, ಒಬ್ಬನ ಕೈಯಲ್ಲಿ ಗಿಟಾರು, ಇನ್ನೊಬ್ಬನ ತುಟಿಯಲ್ಲಿ ಹಾರ್ಮೋನಿಕಾ. ತಟ್ಟನೆ ಕಡಲ ಮೇಲೆ ಕಣ್ಣು ಕುಕ್ಕುವ ಬಿಳಿ ಬೆಳಕು. ನೀರು ಕುದಿಯುತ್ತದೆ. ನಿಸ್ತಂತು ಕೋಣೆಯಲ್ಲಿ ನಿರ್ವಾಹಕ ಸಂದೇಶ ಕಳಿಸುತ್ತಿರುವಾಗಲೇ ಹಡಗು ಹೋಗುತ್ತದೆ. ಚಿತ್ರ ತೆರೆಕಂಡದ್ದು 1954ರ ನವೆಂಬರ್ 3ರಂದು. ಕುಬೊಯಾಮ ಸತ್ತು ಆಗಿದ್ದು 41 ದಿನ. ಥಿಯೇಟರಿನ ಕತ್ತಲಲ್ಲಿ ಕೂತವರಿಗೆ ಆ ನಿಸ್ತಂತು ಕೋಣೆ ಯಾರದು ಎಂದು ಕೇಳಬೇಕಿತ್ತೇ?

ಈಗ ಆ ಹೆಜ್ಜೆಯ ವಿಷಯ. ಒದೊ ಎಂಬ ಕಲ್ಪಿತ ದ್ವೀಪದಲ್ಲಿ ಗೊಜಿರಾ ಓಡಾಡಿದ ರಾತ್ರಿಯ ನಂತರ ವಿಜ್ಞಾನಿಗಳು ಬರುತ್ತಾರೆ. ನೆಲದಲ್ಲಿ ಹೊಂಡದಂಥ ಹೆಜ್ಜೆ. ಗೈಗರ್ ಮಾಪಕ ಹಿಡಿದರೆ ಟಿಕ್ ಟಿಕ್. ಈ ಬಾವಿಯ ನೀರು ಮುಟ್ಟಬೇಡಿ ಎಂದು ಹಳ್ಳಿಯವರಿಗೆ ಹೇಳುತ್ತಾರೆ. ಮೃಗದ ಮುಖವನ್ನು ನಾವಿನ್ನೂ ಕಂಡಿರುವುದಿಲ್ಲ. ಮೊದಲು ಕಾಣುವುದು ವಿಷ ಹತ್ತಿದ ಹೆಜ್ಜೆ, ಕೆಟ್ಟ ಬಾವಿ. (ಜುರಾಸಿಕ್ ಯುಗ ಇಪ್ಪತ್ತು ಲಕ್ಷ ವರ್ಷ ಹಿಂದಿನದೆಂದು ಚಿತ್ರದ ಪ್ರಾಧ್ಯಾಪಕರು ಗಂಭೀರವಾಗಿ ಹೇಳುತ್ತಾರೆ. ಲೆಕ್ಕ ಎಪ್ಪತ್ತು ಪಟ್ಟಿಗೂ ಮೀರಿ ತಪ್ಪು. ಭೂವಿಜ್ಞಾನ ವಿಭಾಗದವರು ಕ್ಷಮಿಸಬೇಕು.)

ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮೈಯಿಲ್ಲ. ಅದು ಬಂದದ್ದು ತಿಳಿಯುವ ಹೊತ್ತಿಗೆ ಊಟ ಮುಗಿದಿರುತ್ತದೆ. ಕ್ಯಾಮೆರಾಕ್ಕೆ ಅದು ಸಿಗುವುದಿಲ್ಲ. ಅದಕ್ಕೊಂದು ಮೈ ಕೊಡುವುದೇ ಈ ಚಿತ್ರ ಮಾಡಿದ ಕೆಲಸ: ಐವತ್ತು ಮೀಟರ್ ಎತ್ತರದ್ದು, ನಡೆದುಬರುವಾಗ ದೂರದಿಂದಲೇ ಕೇಳಿಸುವಂಥದ್ದು. ಆ ಮೈ ಬಂದ ದಾರಿಯಲ್ಲಿ ಹಳೆಯ ನೆನಪೂ ಎದ್ದುಬಂತು. 1945ರ ಮಾರ್ಚ್ 10ರ ಒಂದೇ ರಾತ್ರಿ ಅಮೆರಿಕದ ವಿಮಾನಗಳು ಟೋಕಿಯೊದಲ್ಲಿ ಸುಮಾರು ಒಂದು ಲಕ್ಷ ಜನರನ್ನು ಸುಟ್ಟಿದ್ದವು. ಗೊಜಿರಾ ಬರುವುದೂ ರಾತ್ರಿಯಲ್ಲೇ. ಗಿಂಜಾದ ಬೀದಿಯ ಗೋಡೆಗೊರಗಿ ತಾಯಿಯೊಬ್ಬಳು ಮಕ್ಕಳನ್ನು ಅಪ್ಪಿಕೊಂಡು, ಇನ್ನೇನು ಅಪ್ಪನ ಹತ್ತಿರ ಹೋಗಿಬಿಡುತ್ತೇವೆ ಎಂದು ಸಮಾಧಾನ ಹೇಳುತ್ತಾಳೆ. ಅಪ್ಪ ಯಾವ ಯುದ್ಧದಲ್ಲಿ ಹೋದ ಎಂದು ಚಿತ್ರ ಹೇಳುವುದಿಲ್ಲ. ರೈಲಿನಲ್ಲಿ ದಿನವೂ ಓಡಾಡುವವರು ವಿಷದ ಟ್ಯೂನಾ, ವಿಷದ ಮಳೆ, ಈಗ ಗೊಜಿರಾ ಎಂದು ಗೊಣಗುತ್ತಾರೆ. ನಾಗಸಾಕಿಯಿಂದ ಪಾರಾಗಿ ಬಂದವಳಿಗೆ ಇದೂ ಬೇಕಿತ್ತೇ ಎಂಬ ಧಾಟಿಯಲ್ಲಿ ಒಬ್ಬ ಹೆಂಗಸು ಮಾತಾಡುತ್ತಾಳೆ. ಮರುದಿನ ಆಸ್ಪತ್ರೆಯ ದೃಶ್ಯ: ಗಾಯವೇ ಕಾಣದ ಮಗುವಿನ ಮುಂದೆ ಗೈಗರ್ ಮಾಪಕ ಹಿಡಿದವನು ತಲೆಯಾಡಿಸುತ್ತಾನೆ. ಮೃಗ ಅಲ್ಲಿಲ್ಲ. ಇಡೀ ಚಿತ್ರದಲ್ಲಿ ನನ್ನನ್ನು ಹೆದರಿಸಿದ್ದು ಆ ತಲೆಯಾಟ.

ಇಲ್ಲಿ ಒಂದು ತಕರಾರು ತೆಗೆಯಬೇಕು. ಗೊಜಿರಾ ಎಂದರೆ ಬಾಂಬು ಎಂದು ಪಠ್ಯಪುಸ್ತಕದ ಮಾತಿನಂತೆ ಹೇಳಿಬಿಡುತ್ತಾರೆ. ನಮ್ಮವರು ಬರೆದರೆ ಭಸ್ಮಾಸುರನನ್ನೂ ತರುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಭಸ್ಮಾಸುರ ತಪಸ್ಸು ಮಾಡಿ ವರ ಕೇಳಿದವನು; ಗೊಜಿರಾ ಏನನ್ನೂ ಕೇಳಿದ್ದಲ್ಲ. ಕಡಲಾಳದಲ್ಲಿ ತನ್ನ ಪಾಡಿಗೆ ಇದ್ದ ಪ್ರಾಣಿಯ ಮನೆಯ ಮೇಲೆ ಬಾಂಬು ಸಿಡಿಯಿತು, ಮೈ ಸುಟ್ಟಿತು, ನೆಲೆ ತಪ್ಪಿತು. ಅದು ಬಾಂಬು ಹಾಕಿಸಿಕೊಂಡ ಜೀವ. ಆ ಬೆಳಗ್ಗೆ ಅದೇ ಕಡಲಿನಲ್ಲಿದ್ದ ಮೀನುಗಾರರ ಪೈಕಿಯೇ. ಶಿಮುರ ತಕಾಶಿ ಅಭಿನಯಿಸಿದ ಯಮಾನೆ ಪ್ರಾಧ್ಯಾಪಕರು ಅದನ್ನು ಕೊಲ್ಲಬೇಡಿ, ಇಷ್ಟು ವಿಕಿರಣದಲ್ಲೂ ಹೇಗೆ ಬದುಕಿದೆ ನೋಡೋಣ ಎಂದು ಅಂಗಲಾಚುವುದು ಅದಕ್ಕೇ. ಕೊನೆಗೆ ಅದನ್ನು ಕೊಲ್ಲುವುದು ಇನ್ನೂ ಭಯಂಕರವಾದ ಆಯುಧ. ಅದನ್ನು ಕಂಡುಹಿಡಿದ ಸೆರಿಜಾವ ಟಿಪ್ಪಣಿಗಳನ್ನೆಲ್ಲ ಸುಟ್ಟು, ಕಡಲ ತಳಕ್ಕಿಳಿದು, ತನ್ನ ಗಾಳಿಯ ಕೊಳವೆಯನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ. ಸೂತ್ರ ಯಾರ ಕೈಗೂ ಸಿಗದಿರಲೆಂದು. ಅಣುವಿಜ್ಞಾನಿಗಳ ಚರಿತ್ರೆ ಓದಿದವರಿಗೆ ಇದು ಅತಿ ಆದರ್ಶ ಎನಿಸಬಹುದು.

ಚಿತ್ರದ ಮೌನಗಳನ್ನೂ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಜಲಜನಕ ಬಾಂಬು ಸಿಡಿಸಿದ್ದು ಯಾರೆಂದು ಚಿತ್ರ ಹೆಸರಿಸುವುದಿಲ್ಲ. ಚೀನಾದಲ್ಲಿ, ಕೊರಿಯಾದಲ್ಲಿ, ಆಗ್ನೇಯ ಏಷ್ಯಾದಲ್ಲಿ ಜಪಾನೀ ಸೈನ್ಯ ಏನು ಮಾಡಿತೆಂಬುದರ ಸುಳಿವೂ ಇಲ್ಲ. ನೊಂದವರ ಕಥೆಯನ್ನು ಅಷ್ಟು ಚೆನ್ನಾಗಿ ಹೇಳುವ ಚಿತ್ರದೊಳಗೆ, ನೋಯಿಸಿದವರ ಕಥೆಗೆ ಜಾಗವಾಗಲಿಲ್ಲ.

ಮೂರನೆಯ ಭಾಗವನ್ನು ಬೇಗ ಮುಗಿಸುತ್ತೇನೆ. ಗಡಿಯಾರವೂ ಅದನ್ನೇ ಹೇಳುತ್ತಿದೆ.

1956ರಲ್ಲಿ ಅಮೆರಿಕದಲ್ಲಿ ಇದೇ ಚಿತ್ರ ‘ಗಾಡ್ಜಿಲ್ಲಾ’ ಎಂಬ ಹೆಸರಲ್ಲಿ ತೆರೆಕಂಡಿತು. ರೇಮಂಡ್ ಬರ್ ಎಂಬ ನಟನನ್ನು ಅಮೆರಿಕನ್ ವರದಿಗಾರನಾಗಿ ನಡುನಡುವೆ ಹೊಲಿದಿದ್ದರು. ರೈಲಿನ ಆ ಮಾತು ಕತ್ತರಿಗೆ ಹೋಯಿತು. ಜಗತ್ತಿನ ಬಹುಪಾಲು ಜನ ಕಂಡದ್ದು ಈ ಹೊಲಿಗೆಯ ಬಟ್ಟೆಯನ್ನೇ.

ಜಪಾನಿನಲ್ಲಿ ಎಳೆ ಒಮ್ಮೆಲೇ ಕಡಿಯಲಿಲ್ಲ. 1958ರಲ್ಲಿ ಹೊಂಡಾನೇ ತೆಗೆದ ಚಿತ್ರವೊಂದರಲ್ಲಿ ಬಾಂಬು ಪರೀಕ್ಷೆಗೆ ಸಿಕ್ಕ ದೋಣಿಯ ನಾವಿಕರು ಕರಗಿ ಹರಿಯುವ ದ್ರವವಾಗುತ್ತಾರೆ. ಕತ್ತಲ ಕಡಲಿನಲ್ಲಿ ಖಾಲಿ ದೋಣಿ ತೇಲುವ ಆ ದೃಶ್ಯ ಯಾಯ್‌ಜುವಿನಿಂದಲೇ ಬಂದದ್ದು. 1961ರ ‘ಮೊಥ್ರಾ’ದಲ್ಲಿ ಅಣುಪರೀಕ್ಷೆ ನಡೆದ ದ್ವೀಪದಲ್ಲಿ ಜನರೂ ಇದ್ದಾರೆ. ಇದು ಸಣ್ಣ ವಿಷಯವಲ್ಲ, ಇದಕ್ಕೆ ಮತ್ತೆ ಬರುತ್ತೇನೆ. ಆಮೇಲೆ ಗೊಜಿರಾ ಮಕ್ಕಳ ಗೆಳೆಯನಾದ, 1965ರ ಹೊತ್ತಿಗೆ ಬೇರೊಂದು ಗ್ರಹದ ಮೇಲೆ ಕುಣಿದೂ ಬಿಟ್ಟ. 1971ರಲ್ಲಿ ಕಾರ್ಖಾನೆಯ ಕೊಳೆಯಿಂದ ಹುಟ್ಟಿದ ಹೆದೊರಾನೊಂದಿಗೆ ಕಾದಾಡಿದ; 1984ರಲ್ಲಿ ಅಣುವಿದ್ಯುತ್ ಸ್ಥಾವರ ಒಡೆದ. 2011ರ ಸುನಾಮಿ ಮತ್ತು ಫುಕುಶಿಮಾ ದುರಂತದ ಬಳಿಕ ಬಂದ 2016ರ ‘ಶಿನ್ ಗೊಜಿರಾ’ದಲ್ಲಿ ಮೃಗಕ್ಕಿಂತ ಹೆಚ್ಚು ಹೊತ್ತು ಕಾಣುವುದು ಸಭೆಗಳು, ಫೈಲುಗಳು, ಯಾರ ಸಹಿ ಮೊದಲು ಎಂಬ ಚರ್ಚೆ. ಸರ್ಕಾರಿ ಕಚೇರಿಯ ಅನುಭವವಿರುವವರು ತಪ್ಪದೆ ನೋಡಬೇಕು. 2023ರ ಚಿತ್ರ ಕಥೆಯನ್ನು ಮತ್ತೆ 1946ರ ಬಿಕಿನಿಗೆ ಒಯ್ದಿತು, ಅದರ ವಿಶೇಷ ದೃಶ್ಯಗಳಿಗೆ ಆಸ್ಕರ್ ಸಿಕ್ಕಿತು.

2014ರ ಅಮೆರಿಕನ್ ಚಿತ್ರದ ಬಗ್ಗೆ ಮಾತ್ರ ಒಂದು ಮಾತು. ಪೆಸಿಫಿಕ್ಕಿನಲ್ಲಿ ಸಿಡಿಸಿದ ಆ ಬಾಂಬುಗಳು ನಿಜಕ್ಕೂ ಪರೀಕ್ಷೆಗಳಲ್ಲ, ಮೃಗವನ್ನು ಕೊಲ್ಲುವ ಪ್ರಯತ್ನಗಳು ಎನ್ನುತ್ತದೆ ಅದು. ಬೂದಿ ಉದುರಿಸಿದ್ದಕ್ಕೆ ಮೃಗವೇ ಕಾರಣವಾಯಿತು. ಅರವತ್ತು ವರ್ಷದ ನಂತರ ಕಥೆ ತಲೆಕೆಳಗಾಯಿತು.

ಮೊಥ್ರಾದ ದ್ವೀಪಕ್ಕೆ ಮರಳುತ್ತೇನೆ ಎಂದಿದ್ದೆ. ಬ್ರಾವೋದ ಬೂದಿ ಬಿದ್ದದ್ದು 23 ಜಪಾನೀಯರ ಮೇಲಷ್ಟೇ ಅಲ್ಲ. ಮಾರ್ಷಲ್ ದ್ವೀಪಗಳ ರೊಂಗೆಲಾಪ್ ಮತ್ತು ಪಕ್ಕದ ಹವಳದ್ವೀಪದಲ್ಲಿದ್ದ 80ಕ್ಕೂ ಹೆಚ್ಚು ಮಂದಿಯ ಮೇಲೂ ಅದು ಬಿತ್ತು. ಮಕ್ಕಳು ಅದರಲ್ಲಿ ಆಡಿದರು. ಅವರನ್ನು ಕರೆದೊಯ್ಯಲು ಹಡಗು ಬಂದದ್ದು ಎರಡು ದಿನ ಕಳೆದ ಮೇಲೆ. 1957ರಲ್ಲಿ ಮರಳಿ ತಂದು ಬಿಟ್ಟರು. ಕಾಯಿಲೆ ಬೀಳುತ್ತಲೇ ಇದ್ದರು. 1985ರಲ್ಲಿ ತಾವಾಗಿಯೇ ಗ್ರೀನ್‌ಪೀಸ್ ಹಡಗೇರಿ ದ್ವೀಪ ಬಿಟ್ಟರು. 1946ರಿಂದ 1958ರವರೆಗೆ ಆ ದ್ವೀಪಸಮೂಹದಲ್ಲಿ ನಡೆದ ಸ್ಫೋಟಗಳು 67. ಅವರ ಬಳಿ ತೋಹೊ ಕಂಪನಿಯಿರಲಿಲ್ಲ, ತ್ಸುಬುರಾಯ ಇರಲಿಲ್ಲ. ಮೊಥ್ರಾದ ದ್ವೀಪವಾಸಿಗಳು ಸಹ ಮೈಗೆ ಕಂದು ಬಣ್ಣ ಬಳಿದುಕೊಂಡ ಜಪಾನೀ ನಟರು.

ದೋಣಿ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಸರ್ಕಾರ ಅದನ್ನು ಕೊಂಡು, ವಿಷ ತೊಳೆದು, ‘ಹಯಾಬುಸಾ ಮಾರು’ ಎಂದು ಹೆಸರು ಬದಲಿಸಿ ಮೀನುಗಾರಿಕೆ ವಿಶ್ವವಿದ್ಯಾಲಯದ ತರಬೇತಿಗೆ ಕೊಟ್ಟಿತು. ಹಳತಾದ ಮೇಲೆ ಗುಜರಿಗೆ ಹೋಯಿತು. ಇಂಜಿನ್ ಬಿಚ್ಚಿ ಮಾರಿದರು, ಮರದ ಮೈಯನ್ನು ಟೋಕಿಯೊದ ಕಸದಿಂದ ಎದ್ದ ಯುಮೆನೊಶಿಮ ದ್ವೀಪದ ಅಂಚಿನಲ್ಲಿ ಬಿಟ್ಟರು. ‘ಕನಸಿನ ದ್ವೀಪ’ ಎಂದು ಆ ಹೆಸರಿನ ಅರ್ಥ. 1968ರಲ್ಲಿ ಪತ್ರಿಕೆಯಲ್ಲಿ ಬಂದ ಓದುಗರ ಪತ್ರವೊಂದು ಅದನ್ನು ಉಳಿಸಿ ಎಂದು ಕೇಳಿತು. 1976ರಲ್ಲಿ ಅಲ್ಲೇ ಅದಕ್ಕೊಂದು ಸೂರು ಕಟ್ಟಿದರು, ಇಂದಿಗೂ ಒಳಗೆ ನಿಂತಿದೆ. ಇಂಜಿನ್ ಮಾತ್ರ ಬೇರೊಂದು ಹಡಗಿಗೆ ಹೋಗಿತ್ತು. ಆ ಹಡಗು ಮಿಯೆ ಪ್ರಾಂತದ ಕರಾವಳಿಯಲ್ಲಿ ಮುಳುಗಿತು. ಸುಮಾರು ಮೂವತ್ತು ವರ್ಷ ನೀರಿನಡಿ ಇದ್ದ ಇಂಜಿನ್ನನ್ನು 1996ರಲ್ಲಿ ಮೇಲೆತ್ತಿ, ತಂದು, ದೋಣಿಯ ಕಟ್ಟಡದ ಹೊರಗೆ ಇಟ್ಟಿದ್ದಾರೆ. ಉಪ್ಪು ತಿಂದ ಕಬ್ಬಿಣ, ಮೈಯೆಲ್ಲ ಗಂಟುಗಂಟು.